ಫಿಶ್ ಟ್ಯಾಂಕಿಗೆ ಬೆಳಕು ಬಂದ ದಾರಿ

ಭಾಗ 1/9: ಲೈಟು ಯಾರಿಗೆ?

ಫಿಶ್ ಟ್ಯಾಂಕ್ ಮೇಲೆ ಲೈಟ್ ಯಾಕಿರುತ್ತೆ? ಹತ್ತು ಜನರನ್ನ ಕೇಳಿ, ಒಂಬತ್ತು ಜನ ‘ಮೀನು ಕಾಣಲಿ ಅಂತ’ ಅಂತಾರೆ. ತಪ್ಪೇನಲ್ಲ. ಆದ್ರೆ ಆ ಲೈಟಿನ ಮೇಲೆ ನಾಲ್ಕು ಜನರ ಹಕ್ಕಿದೆ. ನೋಡೋರಿಗೆ ಬಣ್ಣ ಬೇಕು. ಒಳಗಿನ ಗಿಡಕ್ಕೆ ಊಟ ಬೇಕು, ಅದರ ಊಟವೇ ಬೆಳಕು. ಮೀನಿಗೆ ಹಗಲೂ ಬೇಕು, ರಾತ್ರಿಯೂ ಬೇಕು. ನಾಲ್ಕನೆಯವರು ಕರೆಂಟ್ ಬಿಲ್ ಕಟ್ಟೋರು.

ಈ ನಾಲ್ಕು ಜನರಲ್ಲಿ ಯಾರ ಮಾತು ಯಾವಾಗ ನಡೀತು ಅನ್ನೋದೇ ಅಕ್ವೇರಿಯಂ ಲೈಟಿನ ಇತಿಹಾಸ. ಮುಂದಿನ ಒಂಬತ್ತು ಪೋಸ್ಟಲ್ಲಿ ಅದನ್ನೇ ಹೇಳ್ತೀನಿ. ಕೊನೆಗೆ 6 ಅಡಿಯ ಸಿಹಿನೀರಿನ ಟ್ಯಾಂಕಿಗೆ ಎಂಥ ಎಲ್‌ಇಡಿ ತಗೋಬೇಕು ಅನ್ನೋ ಲೆಕ್ಕ ಇದೆ. ಬಿಕಾಂ ಸ್ಟೂಡೆಂಟ್ ಅಲ್ವಾ, ಲೆಕ್ಕ ಇಲ್ಲದೆ ಬಿಡಲ್ಲ.

ಕಥೆ ನಮ್ಮ ನೆಲದಿಂದಲೇ ಶುರು ಮಾಡೋಣ. 12ನೇ ಶತಮಾನದಲ್ಲಿ ಕಲ್ಯಾಣದ ಚಾಲುಕ್ಯ ದೊರೆ ಮೂರನೇ ಸೋಮೇಶ್ವರ ‘ಮಾನಸೋಲ್ಲಾಸ’ ಅನ್ನೋ ದೊಡ್ಡ ಸಂಸ್ಕೃತ ಗ್ರಂಥ ಬರೆಸಿದ. ಅದರಲ್ಲಿ ‘ಮತ್ಸ್ಯವಿನೋದ’ ಅಂತ ಒಂದು ಭಾಗವೇ ಇದೆ. ಹತ್ತಾರು ಜಾತಿಯ ಮೀನು, ಯಾವುದಕ್ಕೆ ಏನು ತಿನ್ನಿಸಬೇಕು, ಗಾಳ ಹೇಗೆ ಹಾಕಬೇಕು, ಎಲ್ಲಾ ಬರುತ್ತೆ. ಅಂದ್ರೆ ಮೀನು ನೋಡಿ ಖುಷಿಪಡೋದು ಇಲ್ಲಿಗೆ ಹೊರಗಿನಿಂದ ಬಂದ ಶೋಕಿ ಅಲ್ಲ. ಶೃಂಗೇರಿಯ ತುಂಗೆಯಲ್ಲಿ ಇವತ್ತಿಗೂ ಮೀನಿಗೆ ಪುರಿ ಹಾಕ್ತೀವಿ. ಅಲ್ಲಿ ಗಾಜಿಲ್ಲ, ವೈರಿಲ್ಲ. ಮೇಲೆ ಸೂರ್ಯ ಇದ್ದಾನೆ, ಬಿಲ್ ಬರಲ್ಲ.

ಭಾಗ 2/9: ಗಾಜಿನ ತೆರಿಗೆ ಮತ್ತು ಕಿಟಕಿ

ಗಾಜಿನ ಟ್ಯಾಂಕ್ ಕಥೆಗೆ ಲಂಡನ್ನಿಗೆ ಹೋಗಲೇಬೇಕು. ಆ ಕಥೆಯ ಹಿಂದೆ ಒಂದು ತೆರಿಗೆ ಇದೆ. ಬ್ರಿಟನ್ನಿನಲ್ಲಿ ಗಾಜಿನ ಮೇಲಿದ್ದ ಅಬಕಾರಿ ಸುಂಕವನ್ನ 1845ರಲ್ಲಿ ರದ್ದು ಮಾಡಿದ್ರು. ಗಾಜು ಅಗ್ಗವಾಯ್ತು. ಅದಾಗಿ ಹತ್ತು ವರ್ಷದೊಳಗೆ ಮನೆಮನೆಯಲ್ಲಿ ಗಾಜಿನ ತೊಟ್ಟಿ ಇಡೋ ಹುಚ್ಚು ಹತ್ತಿತು. ಟ್ಯಾಕ್ಸ್ ಕ್ಲಾಸಲ್ಲಿ ನಿದ್ದೆ ಬಂದಾಗ ಇದನ್ನ ನೆನಪು ಮಾಡ್ಕೊಳ್ಳಿ. ಒಂದು ಸುಂಕ ಹೋದ್ರೆ ಒಂದು ಹವ್ಯಾಸ ಹುಟ್ಟಬಹುದು.

1850ರಲ್ಲಿ ರಾಬರ್ಟ್ ವಾರಿಂಗ್ಟನ್ ಅನ್ನೋ ರಸಾಯನಶಾಸ್ತ್ರಜ್ಞ ಅಲ್ಲಿನ ಕೆಮಿಕಲ್ ಸೊಸೈಟಿಗೆ ತನ್ನ ಪ್ರಯೋಗದ ವರದಿ ಕೊಟ್ಟ. ಒಂದು ಗಾಜಿನ ಪಾತ್ರೆ, ಎರಡು ಗೋಲ್ಡ್‌ಫಿಶ್, ವ್ಯಾಲಿಸ್ನೇರಿಯಾ ಗಿಡ. ವ್ಯಾಲಿಸ್ನೇರಿಯಾ ಅಂದ್ರೆ ಗೊತ್ತಲ್ಲ, ಉದ್ದುದ್ದ ಪಟ್ಟಿಯಂಥ ಎಲೆಯ ಹುಲ್ಲು, ನಮ್ಮ ದೇಶದ ಕೆರೆಗಳಲ್ಲೂ ಬೆಳೆಯುತ್ತೆ. ಗಿಡ ಬಿಡೋ ಆಮ್ಲಜನಕ ಮೀನಿಗೆ, ಮೀನು ಬಿಡೋ ಇಂಗಾಲದ ಡೈ ಆಕ್ಸೈಡ್ ಗಿಡಕ್ಕೆ. ಕೊಳೆತ ಎಲೆ ತಿನ್ನೋಕೆ ಬಸವನಹುಳು. ಸಮತೋಲನ ಕೂತಿತು.

ಈ ಸಮತೋಲನಕ್ಕೆ ಇಂಧನ ಎಲ್ಲಿಂದ? ಕಿಟಕಿಯಿಂದ. ಆಗ ಟ್ಯಾಂಕ್ ಇಡೋ ಜಾಗ ಅಂದ್ರೆ ಕಿಟಕಿ ಪಕ್ಕವೇ. ಆದ್ರೆ ಕಿಟಕಿಯ ಬೆಳಕು ಪಕ್ಕದಿಂದ ಬೀಳುತ್ತೆ. ಕೆರೆಯಲ್ಲಿ ಬೆಳಕು ಯಾವಾಗಲೂ ಮೇಲಿಂದ. ಪಕ್ಕದ ಬೆಳಕು ಬಿದ್ದ ಗಾಜಿನ ಮೇಲೆ ಹಸಿರು ಪಾಚಿ ಕಟ್ಟುತ್ತೆ, ವಾರದಲ್ಲಿ ಮೀನೇ ಕಾಣಲ್ಲ. ವಾರಿಂಗ್ಟನ್ ಆಮೇಲಾಮೇಲೆ ಬೆಳಕು ಮೇಲಿಂದ ಮಾತ್ರ ಬೀಳೋ ಹಾಗೆ ತೊಟ್ಟಿಯ ಆಕಾರವನ್ನೇ ಬದಲಾಯಿಸಿದ. ಅಕ್ವೇರಿಯಂ ಬೆಳಕಿನ ಮೊದಲ ಪಾಠ ಇದು, ಬಲ್ಬ್ ಹುಟ್ಟೋದಕ್ಕೂ ಮೊದಲಿನದು. ಬೆಳಕು ಎಷ್ಟು ಅನ್ನೋದಕ್ಕಿಂತ ಮೊದಲು, ಎಲ್ಲಿಂದ ಅನ್ನೋದನ್ನ ನೋಡು.

ಭಾಗ 3/9: ಕತ್ತಲೆ ಕಾರಿಡಾರ್

1853ರಲ್ಲಿ ಲಂಡನ್ನಿನ ರೀಜೆಂಟ್ಸ್ ಪಾರ್ಕಿನ ಮೃಗಾಲಯದಲ್ಲಿ ಫಿಶ್ ಹೌಸ್ ತೆರೆದ್ರು. ಸುತ್ತ ಗಾಜು, ಗಿಡ ಬೆಳೆಸೋ ಗ್ಲಾಸ್ ಹೌಸ್ ಥರ. ನೋಡೋಕೆ ಚೆಂದ, ಆದ್ರೆ ಎಲ್ಲಾ ಕಡೆಯಿಂದ ಬಿಸಿಲು. ನೀರು ಕಾಯುತ್ತೆ, ಪಾಚಿ ಏಳುತ್ತೆ.

ಈ ಕಷ್ಟವನ್ನ ಸರಿಯಾಗಿ ಅರ್ಥ ಮಾಡ್ಕೊಂಡವನು ವಿಲಿಯಂ ಆಲ್ಫರ್ಡ್ ಲಾಯ್ಡ್. 1871ರಲ್ಲಿ ತೆರೆದ ಕ್ರಿಸ್ಟಲ್ ಪ್ಯಾಲೇಸ್ ಅಕ್ವೇರಿಯಂ ಅವನ ಕೈಕೆಲಸ. ನೀರಿನ ಹೆಚ್ಚಿನ ಪಾಲನ್ನ ಕೆಳಗಿನ ಕತ್ತಲೆ ತೊಟ್ಟಿಯಲ್ಲಿ ಇಟ್ಟು, ಅಲ್ಲಿಂದ ಪಂಪ್ ಮಾಡ್ತಾ ಮೇಲಿನ ಗಾಜಿನ ಟ್ಯಾಂಕುಗಳಿಗೆ ಹರಿಸ್ತಿದ್ದ. ಕತ್ತಲಲ್ಲಿರೋ ನೀರಲ್ಲಿ ಪಾಚಿ ಬೆಳೆಯಲ್ಲ, ನೀರು ತಂಪಾಗೂ ಇರುತ್ತೆ. ಇನ್ನು ಜನ ನಿಲ್ಲೋ ಜಾಗ ಕತ್ತಲೆ, ಮೀನಿನ ಮೇಲೆ ಮಾತ್ರ ಬೆಳಕು. ಹಾಗಾದ್ರೆ ಗಾಜಿನಲ್ಲಿ ನಮ್ಮದೇ ಮುಖ ಕಾಣಲ್ಲ. ಸಿನಿಮಾ ಟಾಕೀಸಿನ ಉಪಾಯ, ಸಿನಿಮಾ ಹುಟ್ಟೋದಕ್ಕೆ ಮೊದಲೇ.

ಈಗ ಬೆಂಗಳೂರಿಗೆ ಬನ್ನಿ. ನಮ್ಮ ಊರಿಗೆ ನೀರು ಮೊದಲು ಬಂತು, ಕರೆಂಟು ಆಮೇಲೆ. 1894ರಲ್ಲಿ ಅರ್ಕಾವತಿಗೆ ಅಡ್ಡಲಾಗಿ ಹೆಸರಘಟ್ಟ ಜಲಾಶಯ ಕಟ್ಟಿದ್ರು. ಮಾಕಳಿಯಿಂದ ಅದು ಗಾಡಿಯಲ್ಲಿ ಸ್ವಲ್ಪ ದೂರ ಅಷ್ಟೇ. ಅಂದಹಾಗೆ ಮಾಕಳಿ ಅಂದ ತಕ್ಷಣ ‘ಟ್ರೆಕ್ಕಿಂಗ್ ಬೆಟ್ಟ ಅಲ್ವಾ’ ಅನ್ನೋರಿಗೆ ಒಂದು ಮಾತು. ಅದು ದೊಡ್ಡಬಳ್ಳಾಪುರದ ಕಡೆಯ ಮಾಕಳಿದುರ್ಗ. ನಮ್ಮದು ತುಮಕೂರು ರೋಡ್ ಮಾಕಳಿ, ಮಾದಾವರ ಮೆಟ್ರೋ ದಾಟಿ ನೆಲಮಂಗಲ ಕಡೆಗೆ. ಹೆಸರಘಟ್ಟದಲ್ಲಿ ಈಗ ಸಿಹಿನೀರಿನ ಮೀನು ಕೃಷಿಯ ಕೇಂದ್ರ ಸಂಸ್ಥೆಯ ಪ್ರಾದೇಶಿಕ ಕೇಂದ್ರವೂ ಇದೆ, ಮೀನುಗಾರಿಕೆ ಸಂಶೋಧನಾ ಮತ್ತು ಮಾಹಿತಿ ಕೇಂದ್ರವೂ ಇದೆ. ಮೀನಿನ ವಿಷಯಕ್ಕೆ ನಾವು ಒಳ್ಳೇ ಜಾಗದಲ್ಲೇ ಹುಟ್ಟಿದ್ದೀವಿ.

ಭಾಗ 4/9: ಶಿವನಸಮುದ್ರದ ಕರೆಂಟು, ಬಿಸಿ ಬಲ್ಬು

1902ರಲ್ಲಿ ಶಿವನಸಮುದ್ರದ ಕಾವೇರಿಯಿಂದ ಕರೆಂಟು ಹೊರಟಿತು. ಮೊದಲು ಹೋಗಿದ್ದು ಬೆಂಗಳೂರಿಗೆ ಅಲ್ಲ, ಸುಮಾರು 147 ಕಿಲೋಮೀಟರ್ ದೂರದ ಕೋಲಾರ ಚಿನ್ನದ ಗಣಿಗೆ. ದುಡ್ಡು ಕೊಡೋ ಗಿರಾಕಿ ಅಲ್ಲಿದ್ದ. ಬೆಂಗಳೂರಿನ ಬೀದಿಗೆ ವಿದ್ಯುತ್ ದೀಪ ಬಂದಿದ್ದು 1905ರ ಆಗಸ್ಟಿನಲ್ಲಿ. ಈ ಯೋಜನೆಯ ಬೆನ್ನಿಗೆ ನಿಂತಿದ್ದ ದಿವಾನ್ ಶೇಷಾದ್ರಿ ಅಯ್ಯರ್ 1901ರಲ್ಲೇ ತೀರಿಕೊಂಡಿದ್ರು, ಅವರಿಗೆ ಆ ಬೆಳಕು ನೋಡೋಕೆ ಸಿಗಲಿಲ್ಲ.

ಕರೆಂಟು ಬಂದ ಮೇಲೆ ಟ್ಯಾಂಕು ಕಿಟಕಿ ಬಿಟ್ಟು ಗೋಡೆ ಪಕ್ಕಕ್ಕೆ, ಹಾಲಿನ ಮಧ್ಯಕ್ಕೆ ಬರಬಹುದಾಯ್ತು. ಇದು ಸಣ್ಣ ಬದಲಾವಣೆ ಅಲ್ಲ. ಬೆಳಕನ್ನ ಮನುಷ್ಯ ತನಗೆ ಬೇಕಾದ ಜಾಗಕ್ಕೆ, ಬೇಕಾದ ಹೊತ್ತಿಗೆ ತರಬಹುದು ಅಂತಾಯ್ತು. ಆದ್ರೆ ತಂತಿ ಬಲ್ಬಿನ ಕಷ್ಟ ನಿಮಗೆ ಗೊತ್ತು. 100 ವಾಟಿನ ಹಳದಿ ಬಲ್ಬಲ್ಲಿ 90 ವಾಟಿಗೂ ಹೆಚ್ಚು ಬರೀ ಬಿಸಿ. ಮೀನಿನ ಟ್ಯಾಂಕಿನ ಮುಚ್ಚಳದೊಳಗೆ ಇಂಥ ಬಲ್ಬ್ ಎರಡು ಹಾಕಿದ್ರೆ ಮೇಲಿನ ನೀರು ಬಿಸಿಯಾಗುತ್ತೆ. ಬಿಸಿ ನೀರಲ್ಲಿ ಆಮ್ಲಜನಕ ಕಡಿಮೆ ಕರಗುತ್ತೆ. ಉರೀತಿರೋ ಬಲ್ಬಿಗೆ ನೀರು ಚಿಮ್ಮಿದ್ರೆ ಗಾಜು ಒಡೆಯುತ್ತೆ.

ಬಣ್ಣ ಮಾತ್ರ ಚೆನ್ನಾಗಿತ್ತು. ಹಳದಿ ಬೆಳಕಲ್ಲಿ ಗೋಲ್ಡ್‌ಫಿಶ್ ಚಿನ್ನದ ಥರ ಹೊಳೆಯುತ್ತೆ. ನೋಡೋರಿಗೆ ಖುಷಿ, ಮೀನಿಗೆ ಸೆಕೆ, ಬಿಲ್ ಕಟ್ಟೋರಿಗೆ ಹೊರೆ.

ಭಾಗ 5/9: ಟ್ಯೂಬ್‌ಲೈಟ್ ಕಾಲ ಮತ್ತು ಕಬ್ಬನ್ ಪಾರ್ಕ್

1938ರಲ್ಲಿ ಅಮೆರಿಕದಲ್ಲಿ ಫ್ಲೋರೊಸೆಂಟ್ ಟ್ಯೂಬ್ ಮಾರಾಟಕ್ಕೆ ಬಂತು. ನಾವು ಕರೆಯೋದು ಟ್ಯೂಬ್‌ಲೈಟ್. ಪಟ್ಟಿ, ಚೋಕ್, ಸ್ಟಾರ್ಟರ್. ಸ್ವಿಚ್ ಹಾಕಿದ್ರೆ ಎರಡು ಸಲ ಕಣ್ಣು ಮಿಟುಕಿಸಿ ಆಮೇಲೆ ಹತ್ತೋದು. ಲೇಟಾಗಿ ಅರ್ಥವಾಗೋರಿಗೆ ‘ಟ್ಯೂಬ್‌ಲೈಟ್’ ಅಂತ ಹೆಸರಿಟ್ಟಿದ್ದು ಇದರಿಂದಲೇ.

ಅಕ್ವೇರಿಯಂಗೆ ಮಾತ್ರ ಇದು ವರ. ಟ್ಯಾಂಕೂ ಉದ್ದ, ಟ್ಯೂಬೂ ಉದ್ದ, ಹಾಗಾಗಿ ಬೆಳಕು ಸಮನಾಗಿ ಹರಡುತ್ತೆ. ಬಿಸಿ ಕಡಿಮೆ. ಅದೇ ವಾಟಿಗೆ ಬಲ್ಬಿಗಿಂತ ನಾಲ್ಕೈದು ಪಟ್ಟು ಬೆಳಕು. ಗಿಡ ಬೆಳೆಸೋದು ಮನೆಯೊಳಗೂ ಸಾಧ್ಯವಾಯ್ತು. ಒಂದು ಕೊರತೆ ಏನಂದ್ರೆ, ಟ್ಯೂಬ್ ಸುತ್ತಲೂ ಬೆಳಕು ಚೆಲ್ಲುತ್ತೆ. ಮೇಲಕ್ಕೆ ಹೋದ ಬೆಳಕನ್ನ ಕನ್ನಡಿಯಂಥ ತಗಡು ಇಟ್ಟು ಕೆಳಗೆ ತಿರುಗಿಸಬೇಕು. ಇನ್ನೊಂದು, ಪಾದರಸ. ಒಡೆದ ಟ್ಯೂಬನ್ನ ಕಸಕ್ಕೆ ಹಾಕೋದು ಒಳ್ಳೇದಲ್ಲ.

ಸಾರ್ವಜನಿಕ ಅಕ್ವೇರಿಯಂ ವಿಷಯಕ್ಕೆ ಬಂದ್ರೆ, ಮದ್ರಾಸಿನ ಮರೀನಾದಲ್ಲಿ 1909ರಲ್ಲೇ ಒಂದಿತ್ತು. ಮುಂಬೈಯ ತಾರಾಪೊರೆವಾಲಾ 1951ರದು. ಎರಡೂ ಸಮುದ್ರದ ದಡದ ಊರು. ಸಮುದ್ರವಿಲ್ಲದ ನಮ್ಮ ಬೆಂಗಳೂರಿಗೆ ಸರ್ಕಾರಿ ಮತ್ಸ್ಯಾಲಯ ಬಂದಿದ್ದು 1983ರಲ್ಲಿ, ಕಬ್ಬನ್ ಪಾರ್ಕಿನ ಕಸ್ತೂರ್ಬಾ ರಸ್ತೆ ಬದಿ, ವಜ್ರದಾಕಾರದ ಕಟ್ಟಡ. ಅಂಗಡಿ, ಆಫೀಸು, ಶಾಲೆ ಎಲ್ಲೆಲ್ಲೂ ಟ್ಯೂಬ್‌ಲೈಟೇ ಇದ್ದ ಕಾಲ ಅದು. ನಮ್ಮ ಅಪ್ಪ ಅಮ್ಮಂದಿರ ಸ್ಕೂಲ್ ಟ್ರಿಪ್ ಫೋಟೋ ಹುಡುಕಿ ನೋಡಿ, ವಿಧಾನಸೌಧ, ಮ್ಯೂಸಿಯಂ, ಆಮೇಲೆ ಈ ಮೀನಿನ ಮನೆ. ಸಮುದ್ರ ನೋಡದ ಎಷ್ಟೋ ಮಕ್ಕಳು ದೊಡ್ಡ ಮೀನು ಜೀವಂತ ನೋಡಿದ್ದು ಇಂಥ ಜಾಗದಲ್ಲೇ.

ಭಾಗ 6/9: ಇಬ್ಬರು ಅಮಾನೋ

ಈ ಕಥೆಯಲ್ಲಿ ಜಪಾನಿನ ಇಬ್ಬರು ಅಮಾನೋ ಬರ್ತಾರೆ. ಸಂಬಂಧಿಕರಲ್ಲ, ಕನ್‌ಫ್ಯೂಸ್ ಆಗಬೇಡಿ.

ಮೊದಲನೆಯವರು ತಕಾಶಿ ಅಮಾನೋ, 1954ರಲ್ಲಿ ನೀಗಾತದಲ್ಲಿ ಹುಟ್ಟಿದವರು. ಮೊದಲು ವೃತ್ತಿಪರ ಸೈಕಲ್ ಓಟಗಾರ, ಆಮೇಲೆ ಫೋಟೋಗ್ರಾಫರ್. 1982ರಲ್ಲಿ ಅಕ್ವೇರಿಯಂ ಕಂಪನಿ ಶುರು ಮಾಡಿದ್ರು. ಅವರ ಮಾತಲ್ಲಿ ಟ್ಯಾಂಕ್ ಅಂದ್ರೆ ಮೀನಿನ ಶೋಕೇಸ್ ಅಲ್ಲ, ನೀರೊಳಗಿನ ಕಾಡು. ಕಾಡಿಗೆ ಟ್ಯೂಬ್‌ಲೈಟ್ ಸಾಲದು ಅನ್ನಿಸಿದಾಗ 150 ವಾಟಿನ ಮೆಟಲ್ ಹ್ಯಾಲೈಡ್ ದೀಪವನ್ನ ಟ್ಯಾಂಕಿನ ಮೇಲೆ ತೂಗುಹಾಕಿದ್ರು. ಮಧ್ಯಾಹ್ನದ ಬಿಸಿಲಿನಂಥ ಬೆಳಕು, ನೀರಿನ ತಳದಲ್ಲಿ ಅಲೆಯ ನೆರಳು ಆಡುತ್ತೆ. ಇಲ್ಲಿ ಮೊದಲ ಬಾರಿಗೆ ಗಿಡದ ಮಾತು ಗೆದ್ದಿತು. ಸೋತವರು ಬಿಲ್ ಕಟ್ಟೋರು. ಅವರ ಕೊನೆಯ ದೊಡ್ಡ ಕೆಲಸ ಲಿಸ್ಬನ್ನಿನಲ್ಲಿದೆ, 40 ಮೀಟರ್ ಉದ್ದದ ಸಿಹಿನೀರಿನ ಟ್ಯಾಂಕು. ಅದು 2015ರಲ್ಲಿ ತೆರೆಯಿತು, ಅದೇ ವರ್ಷ ಅವರು ತೀರಿಕೊಂಡರು.

ಎರಡನೆಯವರು ಹಿರೋಶಿ ಅಮಾನೋ, ವಿಜ್ಞಾನಿ. 1962ರಲ್ಲಿ ನಿಕ್ ಹೊಲೊನ್ಯಾಕ್ ಕೆಂಪು ಎಲ್‌ಇಡಿ ಮಾಡಿದ್ರು. ಹಸಿರೂ ಬಂತು. ನೀಲಿ ಮಾತ್ರ ಮೂವತ್ತು ವರ್ಷ ಸತಾಯಿಸಿತು. ನೀಲಿ ಇಲ್ಲದೆ ಬಿಳಿ ಬೆಳಕಿಲ್ಲ. ಇಸಾಮು ಅಕಸಾಕಿ ಮತ್ತು ಅವರ ಶಿಷ್ಯ ಹಿರೋಶಿ ಅಮಾನೋ ಒಂದು ಕಡೆ, ನಿಚಿಯಾ ಕಂಪನಿಯ ಶುಜಿ ನಕಾಮುರಾ ಇನ್ನೊಂದು ಕಡೆ ಹಟ ಹಿಡಿದು ಕೂತರು. 1990ರ ದಶಕದ ಮೊದಲಲ್ಲಿ ಪ್ರಖರ ನೀಲಿ ಬಂತು. ಅದರ ಮೇಲೆ ಹಳದಿ ಫಾಸ್ಫರ್ ಹಚ್ಚಿದ್ರೆ ಬಿಳಿ. ಮೂವರಿಗೂ 2014ರ ಭೌತಶಾಸ್ತ್ರದ ನೊಬೆಲ್ ಸಿಕ್ಕಿತು. ಒಬ್ಬ ಅಮಾನೋ ನೀರೊಳಗೆ ಕಾಡು ಕಟ್ಟಿದ, ಇನ್ನೊಬ್ಬ ಆ ಕಾಡಿಗೆ ಅಗ್ಗದ ಸೂರ್ಯನನ್ನ ಕೊಟ್ಟ.

ಭಾಗ 7/9: ಹೊಸ ಬೆಳಕು, ಹೊಸ ಬೆಲೆ

ನೊಬೆಲ್ ಬಂದ ಮಾತ್ರಕ್ಕೆ ನಮ್ಮ ಮನೆಗೆ ಎಲ್‌ಇಡಿ ಬರಲ್ಲ. ಬೆಲೆ ಇಳಿಯಬೇಕು. ಇದು ಕಾಮರ್ಸ್ ಭಾಗ.

2015ರ ಜನವರಿಯಲ್ಲಿ ಕೇಂದ್ರ ಸರ್ಕಾರದ ಉಜಾಲಾ ಯೋಜನೆ ಶುರುವಾಯ್ತು. ಅದೇ ವರ್ಷದ ಕೊನೆಗೆ ಕರ್ನಾಟಕದಲ್ಲಿ ‘ಹೊಸ ಬೆಳಕು’ ಅನ್ನೋ ಹೆಸರಲ್ಲಿ 9 ವಾಟಿನ ಬಲ್ಬ್ 100 ರೂಪಾಯಿಗೆ ಕೊಟ್ರು. ನಿಮ್ಮ ಮನೆಯಲ್ಲೂ ಒಂದೆರಡು ಬಂದಿರಬೇಕು. ಸರ್ಕಾರ ಕಂಪನಿಗಳಿಂದ ಕೊಳ್ಳುವ ದರ 2014ರಲ್ಲಿ ಬಲ್ಬಿಗೆ 310 ರೂಪಾಯಿ ಇದ್ದಿದ್ದು 2016ರ ಹೊತ್ತಿಗೆ 38ಕ್ಕೆ ಇಳಿಯಿತು. ಒಬ್ಬನೇ ಖರೀದಿದಾರ ಕೋಟಿಗಟ್ಟಲೆ ಬಲ್ಬಿಗೆ ಟೆಂಡರ್ ಕರೆದ್ರೆ ಏನಾಗುತ್ತೆ ಅನ್ನೋದಕ್ಕೆ ಇದಕ್ಕಿಂತ ಒಳ್ಳೇ ಉದಾಹರಣೆ ಪಠ್ಯದಲ್ಲೂ ಸಿಗಲ್ಲ.

ಅಗ್ಗದ ಎಲ್‌ಇಡಿ ಅಕ್ವೇರಿಯಂಗೂ ಹರಿದು ಬಂತು. 2021ರ ಜುಲೈ 1ರಂದು ನಮ್ಮ ಮೆಜೆಸ್ಟಿಕ್ ರೈಲ್ವೆ ಸ್ಟೇಷನ್ನಿನಲ್ಲಿ, ಅಂದ್ರೆ ಸಂಗೊಳ್ಳಿ ರಾಯಣ್ಣ ನಿಲ್ದಾಣದಲ್ಲಿ, ಅಮೆಜಾನ್ ನದಿಯ ಥೀಮಿನ ಸುರಂಗ ಅಕ್ವೇರಿಯಂ ತೆರೆಯಿತು. ಶುರುವಲ್ಲಿ ಟಿಕೆಟ್ 25 ರೂಪಾಯಿ. ರೈಲಿಗೆ ಕಾಯೋರು ಮೀನಿನ ಕೆಳಗೆ ನಡೆದು ಸೆಲ್ಫಿ ತಗೊಳ್ಳೋ ಜಾಗ. ಲಾಯ್ಡ್ ಕಾಲದಲ್ಲಿ ಜನ ಕತ್ತಲಲ್ಲಿ ನಿಂತು ಮೀನು ನೋಡ್ತಿದ್ರು. ಈಗ ಮೀನಿನ ಜೊತೆ ನಾವೂ ಫೋಟೋದಲ್ಲಿ ಬರಬೇಕು, ಹಾಗಾಗಿ ನಮ್ಮ ಮುಖದ ಮೇಲೂ ಲೈಟ್ ಬೇಕು. ನೋಡೋರ ಹಕ್ಕು ಇನ್ನೊಂದು ಹೆಜ್ಜೆ ಮುಂದೆ ಹೋಯ್ತು.

ಭಾಗ 8/9: ಬನ್ನಿ, ಲೆಕ್ಕ ಹಾಕೋಣ

(ಈ ಭಾಗ ಸೇವ್ ಮಾಡ್ಕೊಳ್ಳಿ.)

ಟ್ಯಾಂಕ್: 6 ಅಡಿ ಉದ್ದ, 2 ಅಡಿ ಅಗಲ, 2 ಅಡಿ ಎತ್ತರ. ಸುಮಾರು 680 ಲೀಟರ್. ನಮ್ಮ ಮನೆಗೆ ಇದನ್ನ ತರೋಕೆ ಅಪ್ಪ ಒಪ್ಪಿದ್ದಾರೆ, ಷರತ್ತು ಒಂದೇ: ಗೃಹಜ್ಯೋತಿಯಲ್ಲಿ ಸೊನ್ನೆ ಬರ್ತಿರೋ ಬಿಲ್ ಸೊನ್ನೆಯೇ ಬರಬೇಕು.

ನಮಗೆ ಸಿಕ್ಕಿರೋ ಮಿತಿ: ಹಳೇ ಸರಾಸರಿ 110 ಯೂನಿಟ್, ಅದರ ಮೇಲೆ ಶೇಕಡಾ 10, ಒಟ್ಟು 121. ಅಕ್ಕ ಮದುವೆಯಾಗಿ ಹೋದ ಮೇಲೆ ಈಗ ಖರ್ಚಾಗೋದು 72. ಫಿಲ್ಟರ್ 30 ವಾಟ್, ದಿನಪೂರ್ತಿ ಓಡಬೇಕು, ತಿಂಗಳಿಗೆ ಸುಮಾರು 22. ಒಟ್ಟು 94. ಲೈಟಿಗೆ ಉಳಿದಿದ್ದು 27 ಯೂನಿಟ್. ಲೈಟ್ ದಿನಕ್ಕೆ 8 ಗಂಟೆ ಅಂತ ಇಟ್ಕೊಳ್ಳಿ.

ಮೆಟಲ್ ಹ್ಯಾಲೈಡ್, 250 ವಾಟಿನ ಎರಡು: ತಿಂಗಳಿಗೆ 120 ಯೂನಿಟ್. ಒಟ್ಟು 214. 200 ದಾಟಿತು, ಇಡೀ ಬಿಲ್ ನಾವೇ ಕಟ್ಟಬೇಕು.

ಟಿ5 ಟ್ಯೂಬ್, 54 ವಾಟಿನ ನಾಲ್ಕು: ಸುಮಾರು 52 ಯೂನಿಟ್. ಒಟ್ಟು 146. ಮಿತಿ ಮೀರಿದ 25 ಯೂನಿಟ್ಟಿಗೆ ದುಡ್ಡು.

ಎಲ್‌ಇಡಿ, ಒಟ್ಟು 100 ವಾಟ್: 24 ಯೂನಿಟ್. ಒಟ್ಟು 118. ಪಾಸ್, ಮೂರೇ ಯೂನಿಟ್ ಉಳಿದಿದೆ.

ಆದ್ರೆ ಎಂಥ ಎಲ್‌ಇಡಿ? ಅಂಗಡಿಯಲ್ಲಿ ಲುಮೆನ್ ಹೇಳ್ತಾರೆ. ಲುಮೆನ್ ಅಳೆಯೋದು ಮನುಷ್ಯನ ಕಣ್ಣಿನ ಲೆಕ್ಕದಲ್ಲಿ, ನಮ್ಮ ಕಣ್ಣಿಗೆ ಹಸಿರು ಜಾಸ್ತಿ ಕಾಣುತ್ತೆ. ಗಿಡ 400ರಿಂದ 700 ನ್ಯಾನೋಮೀಟರ್ ತನಕದ ಬೆಳಕು ತಿನ್ನುತ್ತೆ, ಅದರ ಅಳತೆ ‘ಪಾರ್’. ಡಬ್ಬಿಯ ಮೇಲೆ ಇಂಥ ಆಳದಲ್ಲಿ ಇಷ್ಟು ಪಾರ್ ಅಂತ ಬರೆದಿದ್ರೆ ಅದನ್ನ ನಂಬಿ, ಬರೀ ವಾಟ್ ನೋಡಿ ಮೋಸ ಹೋಗಬೇಡಿ. 2 ಅಡಿ ಶುದ್ಧ ನೀರು ಕೆಂಪು ಬೆಳಕಿನ ಐದರಲ್ಲಿ ಒಂದು ಪಾಲನ್ನ ತಿಂದುಬಿಡುತ್ತೆ. ಕಟ್ಟಿಗೆ ಹಾಕಿ ಟೀ ಬಣ್ಣಕ್ಕೆ ತಿರುಗಿದ ನೀರು ನೀಲಿಯನ್ನ ತಿನ್ನುತ್ತೆ. 6500 ಕೆಲ್ವಿನ್ ಆಸುಪಾಸಿನ ಬಿಳಿಗೆ ಸ್ವಲ್ಪ ಕೆಂಪು ಸೇರಿದ ಲೈಟ್ ಸಾಕು. ಅಗಲ 2 ಅಡಿ ಇರೋದ್ರಿಂದ ನಡುವೆ ಒಂದೇ ಪಟ್ಟಿ ಇಟ್ಟರೆ ಮುಂದಿನ, ಹಿಂದಿನ ಮೂಲೆ ಮಂಕು. 50 ವಾಟಿನ ಎರಡು ಪಟ್ಟಿ ಮುಂದೊಂದು ಹಿಂದೊಂದು ಇಡಿ. ಬಿಸಿ ಹೊರಹಾಕೋಕೆ ಅಲ್ಯೂಮಿನಿಯಂ ಮೈ ಇರಲಿ, ಬೆಳಕು ತಗ್ಗಿಸೋ ಡಿಮ್ಮರ್ ಇರಲಿ, ನೀರು ತಡೆಯೋ ಐಪಿ67 ಇರಲಿ. ಪ್ಲಗ್‌ಗೆ ಹೋಗೋ ವೈರು ಸ್ವಲ್ಪ ಕೆಳಗೆ ಜೋತು ಆಮೇಲೆ ಮೇಲೇರಲಿ, ಆಗ ಜಾರಿದ ಹನಿ ಸಾಕೆಟ್ಟಿಗೆ ಹೋಗಲ್ಲ. ಮನೆಯಲ್ಲಿ ಇಎಲ್‌ಸಿಬಿ ಇಲ್ಲದಿದ್ರೆ ಲೈಟಿಗೂ ಮೊದಲು ಅದನ್ನ ಹಾಕಿಸಿ.

ಈ 100 ವಾಟಿಗೆ ಒಂದು ಬೆಲೆ ಇದೆ. ಪಶ್ಚಿಮ ಘಟ್ಟದ ರೋಟಲಾ ಮ್ಯಾಕ್ರಾಂಡ್ರಾ ಅಂತ ಗಿಡ ಇದೆ, ಜೋರು ಬೆಳಕಲ್ಲಿ ರಕ್ತಗೆಂಪು. ಇಷ್ಟು ಬೆಳಕಿಗೆ ಅದು ಕೆಂಪಾಗಲ್ಲ, ಬಡಕಲಾಗುತ್ತೆ. ಹಾಗಾಗಿ ಅದು ಬೇಡ. ವ್ಯಾಲಿಸ್ನೇರಿಯಾ, ಕ್ರಿಪ್ಟೊಕೊರೈನ್, ನಮ್ಮ ಘಟ್ಟದ್ದೇ ಆದ ಲೇಜನಾಂಡ್ರಾ ಇವು ಬದುಕುತ್ತವೆ. ಮೊದಲು ಗಿಡ ಆರಿಸಿ ಆಮೇಲೆ ಲೈಟ್ ತಗೊಳ್ಳೋದು ಒಂದು ದಾರಿ. ಮೊದಲು ಬಿಲ್ ನೋಡಿ ಆಮೇಲೆ ಗಿಡ ಆರಿಸೋದು ನಮ್ಮಂಥವರ ದಾರಿ. ಎರಡೂ ಸರಿ. ಎರಡನ್ನೂ ಬಿಟ್ಟು, ಮೊದಲು ಕಣ್ಣಿಗೆ ಚೆಂದ ಕಂಡ ಲೈಟ್ ತರೋದು ಮಾತ್ರ ಬೇಡ.

ಭಾಗ 9/9: ರಾತ್ರಿ ಅನ್ನೋ ಹಕ್ಕು

ನಾಲ್ಕು ಜನರಲ್ಲಿ ಇಲ್ಲಿವರೆಗೂ ಬಾಯಿ ಬಿಡದವರು ಯಾರು? ಮೀನು.

ಟ್ಯಾಂಕಲ್ಲಿ ಸಾಕೋ ಮೀನಿಗೆ ನಮ್ಮ ಥರ ಕಣ್ಣಿನ ರೆಪ್ಪೆ ಇಲ್ಲ. ಬೆಳಕು ಬೇಡ ಅನ್ನಿಸಿದ್ರೆ ಅದು ಕಣ್ಣು ಮುಚ್ಚೋ ಹಾಗಿಲ್ಲ, ಕಲ್ಲಿನ ಸಂದಿಗೋ ಗಿಡದ ನೆರಳಿಗೋ ಹೋಗಬೇಕು. ಕಿಟಕಿಯ ಕಾಲದಲ್ಲಿ ಸಂಜೆ ತಾನಾಗೇ ಬರ್ತಿತ್ತು. ಬಿಸಿ ಬಲ್ಬಿನ ಕಾಲದಲ್ಲಿ ಬಿಲ್ಲಿಗೆ ಹೆದರಿ ಯಾರಾದ್ರೂ ಸ್ವಿಚ್ ಆಫ್ ಮಾಡ್ತಿದ್ರು. ಬೆಳಕು ದುಬಾರಿ ಆಗಿದ್ದಷ್ಟು ದಿನ ಮೀನಿಗೆ ರಾತ್ರಿ ಪುಕ್ಕಟೆ ಸಿಕ್ಕಿತು. ಎಲ್‌ಇಡಿ ಬಂದ ಮೇಲೆ ಬೆಳಕು ಎಷ್ಟು ಅಗ್ಗವಾಯ್ತು ಅಂದ್ರೆ, ಆರಿಸಬೇಕು ಅಂತ ಯಾರಿಗೂ ಅನ್ನಿಸಲ್ಲ. ಹೋಟೆಲ್ಲು, ಕ್ಲಿನಿಕ್ಕು, ಮೊಬೈಲ್ ಅಂಗಡಿಯ ಟ್ಯಾಂಕುಗಳನ್ನ ಗಮನಿಸಿ. ಶಟರ್ ಎಳೆದ ಮೇಲೂ ಒಳಗೆ ನೀಲಿ ಲೈಟ್ ಉರೀತಾನೇ ಇರುತ್ತೆ, ನೋಡೋಕೆ ಒಬ್ಬರೂ ಇಲ್ಲದಿದ್ರೂ. ಇತಿಹಾಸದಲ್ಲಿ ಮೀನು ಕಳ್ಕೊಂಡಿದ್ದು ಇದೊಂದನ್ನೇ, ಅದೂ ಅತ್ಯುತ್ತಮ ದೀಪ ಬಂದ ಕಾಲದಲ್ಲಿ.

ಸರಿಮಾಡೋದು ಸುಲಭ. ಬೆಂಗಳೂರಲ್ಲಿ ವರ್ಷಪೂರ್ತಿ ಹಗಲು ಹೆಚ್ಚುಕಮ್ಮಿ ಹನ್ನೊಂದೂವರೆಯಿಂದ ಹದಿಮೂರು ಗಂಟೆಯೊಳಗೆ. ಅದರಲ್ಲಿ 8 ಗಂಟೆ ಲೈಟ್ ಗಿಡಕ್ಕೆ ಸಾಕು, ಜಾಸ್ತಿ ಆದ್ರೆ ಪಾಚಿಗೆ ಹಬ್ಬ. ನೂರಾರು ರೂಪಾಯಿಗೆ ಟೈಮರ್ ಸಿಗುತ್ತೆ. ಮಧ್ಯಾಹ್ನ 1ಕ್ಕೆ ಹತ್ತಿ ರಾತ್ರಿ 9ಕ್ಕೆ ಆರೋ ಹಾಗೆ ಇಟ್ಟರೆ ಕಾಲೇಜಿಂದ ಬಂದ ಮೇಲೆ ನೀವೂ ನೋಡಬಹುದು. ಕತ್ತಲ ರೂಮಲ್ಲಿ ಒಮ್ಮೆಲೇ ಫುಲ್ ಲೈಟ್ ಹಾಕಿದ್ರೆ ಮೀನು ಬೆದರಿ ಗಾಜಿಗೆ ಗುದ್ದುತ್ತೆ. ಡಿಮ್ಮರ್ ಇದ್ರೆ ಅರ್ಧ ಗಂಟೆಯಲ್ಲಿ ನಿಧಾನ ಏರಿಸಿ, ನಿಧಾನ ಇಳಿಸಿ. ಡಿಮ್ಮರ್ ಇಲ್ವಾ? ಮೊದಲು ರೂಮಿನ ಲೈಟ್ ಹಾಕಿ, ಹತ್ತು ನಿಮಿಷ ಬಿಟ್ಟು ಟ್ಯಾಂಕಿನದು.

ನಿಮ್ಮ ಏರಿಯಾದ ಯಾವುದಾದ್ರೂ ಅಂಗಡಿಯಲ್ಲಿ ರಾತ್ರಿಯಿಡೀ ಉರಿಯೋ ಟ್ಯಾಂಕ್ ಇದ್ರೆ, ಮಾಲೀಕರ ಹತ್ರ ಮರ್ಯಾದೆಯಿಂದ ಒಂದು ಮಾತು ಹೇಳಿ, ‘ಅಣ್ಣಾ, ಹೋಗ್ವಾಗ ಇದನ್ನೂ ಆಫ್ ಮಾಡಿ’ ಅಂತ. ಕರೆಂಟೂ ಉಳಿಯುತ್ತೆ ಅಂತ ಸೇರಿಸಿ, ಬೇಗ ಒಪ್ತಾರೆ.

#ಮಾಕಳಿ #ತುಮಕೂರುರೋಡ್ #ಅಕ್ವೇರಿಯಂ #ಬೆಳಕಿನಇತಿಹಾಸ #ಸಿಹಿನೀರಮೀನು #ಬಿಕಾಂಲೆಕ್ಕ #ಕನ್ನಡದಲ್ಲಿಇತಿಹಾಸ